ಅಪವರ್ತನದ ದಾರಿ: ಮಳಖೇಡದಿಂದ ವಾಶಿಗೆ

ವಾಶಿಯ ನಮ್ಮ ಮನೆಯಲ್ಲಿ ಸಂಜೆ ಏಳಾದ ಮೇಲೆ ಊಟದ ಮೇಜೇ ಶಾಲೆ. ಅಕ್ಕನ ಮಗಳು ಆರನೇ ತರಗತಿ. ಒಂದು ಸಂಜೆ ಅವಳ ಮುಂದೆ ಇದ್ದದ್ದು ಎರಡೇ ಸಂಖ್ಯೆ, 12 ಮತ್ತು 18. ಇವೆರಡರಿಂದ ಏನು ಹುಡುಕಬೇಕೋ ಅದಕ್ಕೆ ಅವಳ ಪುಸ್ತಕ ಎಚ್‌ಸಿಎಫ್ ಎಂದಿತ್ತು. ಕೆಳಮನೆಯಿಂದ ಆಡಲು ಬಂದ ಮರಾಠಿ ಶಾಲೆಯ ಗೆಳತಿ ಅದನ್ನು ಮಸಾವಿ ಎಂದಳು. ನಮ್ಮ ಅವ್ವ ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಮೆಂತ್ಯ ಸೋಸುತ್ತ ಕೂತಲ್ಲಿಂದಲೇ "ಅದು ಮ.ಸಾ.ಅ." ಎಂದಳು.

ಹುಡುಗಿ ಪೆನ್ಸಿಲ್ ಇಟ್ಟಳು. "ಅಜ್ಜಿ, ದೊಡ್ಡದು ಅಂತ ಹೆಸರಿಟ್ಟದ್ದು ಆರು ಬರತದ. ಸಣ್ಣದು ಅಂತ ಹೆಸರಿಟ್ಟದ್ದು ಮೂವತ್ತಾರು ಬರತದ. ಹೆಸರು ಅದಲಬದಲ ಆಗ್ಯಾವೇನು?"

"ಹೆಸರು ಸರಿ ಅದಾವ" ಎಂದಳು ಅವ್ವ. "ಪೂರಾ ಹೆಸರು ಯಾರೂ ಹೇಳೂದಿಲ್ಲ. ಅದಕ್ಕ ಹಂಗ ಅನಸತದ."

ಮ.ಸಾ.ಅ. ಎಂದರೆ ಮಹತ್ತಮ ಸಾಮಾನ್ಯ ಅಪವರ್ತನ. ಲ.ಸಾ.ಅ. ಎಂದರೆ ಲಘುತ್ತಮ ಸಾಮಾನ್ಯ ಅಪವರ್ತ್ಯ. ಎರಡೂ 'ಅ'ದಲ್ಲೇ ಮುಗಿಯುತ್ತವೆ. ಒಂದು ಅಳೆಯುವುದು, ಇನ್ನೊಂದು ಅಳತೆಗೆ ಒಳಗಾಗುವುದು. ಕನ್ನಡದಲ್ಲಿ 'ನ' ಮತ್ತು 'ಯ' ಮಾತ್ರ ಇವನ್ನು ಬೇರೆ ಮಾಡುತ್ತವೆ, ಆ ಎರಡು ಅಕ್ಷರವನ್ನೇ ಹ್ರಸ್ವರೂಪ ನುಂಗಿಹಾಕಿದೆ. ಮರಾಠಿಯಲ್ಲಿಯೂ ಅದೇ ಪಾಡು: ವಿಭಾಜಕ, ವಿಭಾಜ್ಯ ಎರಡಕ್ಕೂ 'ವಿ'. ಹಿಂದಿಯವರು ಸಮಾಪವರ್ತಕ, ಸಮಾಪವರ್ತ್ಯ ಎನ್ನುತ್ತಾರೆ. ಅಂದರೆ ನಮ್ಮ ಮೇಜಿನ ಸುತ್ತ ಓಡಾಡುವ ಭಾಷೆಗಳಲ್ಲಿ ಮರಾಠಿ ಬೇರೆ ಹಾದಿ ಹಿಡಿಯಿತು; ಕನ್ನಡ, ಹಿಂದಿ ಎರಡೂ ಹಳೆಯ ಅಪವರ್ತವನ್ನು ಕೈಬಿಡಲಿಲ್ಲ. ಆ ಹಳೆಯ ಮಾತಿನ ಜಾಡು ಹಿಡಿಯಬೇಕೆಂದು ನನಗೆ ಅನ್ನಿಸಿದ್ದು ಆ ಸಂಜೆ.

'ವೃತ್' ಎಂಬುದು ಧಾತು. ತಿರುಗು, ಹೊರಳು ಎಂದು ಅರ್ಥ. ವೃತ್ತ, ವರ್ತುಲ, ಆವರ್ತನ, ಪರಿವರ್ತನೆ, ನಿವೃತ್ತಿ ಇವೆಲ್ಲ ಅದರ ಮಕ್ಕಳು. ನಮ್ಮ ಮನೆಗೆ ಹತ್ತಿರದ ಎಪಿಎಂಸಿಯಲ್ಲಿ ಈರುಳ್ಳಿ, ಬಟಾಟೆ, ಮಸಾಲೆಯ ಗೋಣಿ ಇಳಿಸಿಕೊಳ್ಳುವ ವರ್ತಕರ ಹೆಸರೂ ಅದೇ ಧಾತುವಿನದು. 'ಅಪ' ಎಂದರೆ ಕನ್ನಡದ ಕಿವಿಗೆ ಮೊದಲು ಕೆಟ್ಟದ್ದೇ ಕೇಳಿಸುತ್ತದೆ: ಅಪಮಾನ, ಅಪಘಾತ, ಅಪಶಕುನ. ಇಲ್ಲಿ ಹಾಗಲ್ಲ. ಅಪಹರಣದಲ್ಲಿ ಇರುವಂತೆ 'ದೂರಕ್ಕೆ, ಆಚೆಗೆ' ಎಂಬುದಷ್ಟೇ ಅರ್ಥ. ಆಚೆ ಸರಿಸುವುದು, ತೆಗೆದು ಹಾಕುವುದು, ಅದರಿಂದ ಕುಗ್ಗಿಸುವುದು, ಇದು ಅಪವರ್ತನ. 12/18ರಲ್ಲಿ ಮೇಲಿನಿಂದಲೂ ಕೆಳಗಿನಿಂದಲೂ ಆರನ್ನು ಆಚೆ ಸರಿಸಿದರೆ 2/3 ಉಳಿಯುತ್ತದೆ. ಮೊದಲು ಆ ಸರಿಸುವ ಕೆಲಸಕ್ಕಿದ್ದ ಹೆಸರು, ಆಮೇಲೆ ಯಾವ ಸಂಖ್ಯೆಯಿಂದ ಸರಿಸುತ್ತೇವೋ ಅದಕ್ಕೂ ಅಂಟಿಕೊಂಡಿತು.

ಈ ಮಾತು ಗಣಿತದ ಮನೆಯಲ್ಲಷ್ಟೇ ಬಾಳಿದ್ದಲ್ಲ. ಜೈನರ ಕರ್ಮಸಿದ್ಧಾಂತದಲ್ಲಿ ಅಪವರ್ತನ ಎಂದರೆ ಕಟ್ಟಿಕೊಂಡ ಕರ್ಮದ ಅವಧಿ, ತೀವ್ರತೆಗಳು ಕುಗ್ಗುವುದು. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಎರಡನೇ ಅಧ್ಯಾಯದ ಕೊನೆಯಲ್ಲಿ 'ಅನಪವರ್ತ್ಯ' ಆಯುಷ್ಯದ ಮಾತು ಬರುತ್ತದೆ. ದೇವತೆಗಳು, ನಾರಕಿಗಳು, ಅದೇ ಜನ್ಮದಲ್ಲಿ ಮುಕ್ತಿ ಹೊಂದುವವರು ಮೊದಲಾದವರ ಆಯುಷ್ಯ ನಡುವೆ ಮೊಟಕಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಮೊಟಕು ಮಾಡಬಹುದಾದ ಆಯುಷ್ಯ, ಮೊಟಕು ಮಾಡಬಹುದಾದ ಭಿನ್ನರಾಶಿ ಎರಡಕ್ಕೂ ಒಂದೇ ಮಾತು ಸಾಕಾಯಿತು.

ಈ ಎರಡೂ ಲೋಕಗಳಲ್ಲಿ ಓಡಾಡಿದವನು ಮಹಾವೀರಾಚಾರ್ಯ. 9ನೇ ಶತಮಾನದ ಈ ಜೈನ ಗಣಿತಜ್ಞ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಅಮೋಘವರ್ಷ ನೃಪತುಂಗನನ್ನು ಹಾಡಿ ಹೊಗಳಿದ್ದಾನೆ. 'ಕವಿರಾಜಮಾರ್ಗ' ಹುಟ್ಟಿದ ಕಾಲವೂ ಅದೇ, ಆಸ್ಥಾನವೂ ಅದೇ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಭಿನ್ನರಾಶಿಗಳ ಅಧ್ಯಾಯದಲ್ಲಿ ಅವನು ಛೇದಗಳಿಗೆಲ್ಲ ಸಮಾನವಾದ ಸಂಖ್ಯೆಯನ್ನು ಅಪವರ್ತಕ ಎಂದು ಕರೆಯುತ್ತಾನೆ. ಆ ಅಪವರ್ತಕಗಳನ್ನೂ, ಅವುಗಳಿಂದ ಭಾಗಿಸಿದಾಗ ಬಂದ ಲಬ್ಧಗಳನ್ನೂ ಒಟ್ಟಿಗೆ ಗುಣಿಸಿದರೆ ಬರುವುದಕ್ಕೆ 'ನಿರುದ್ಧ' ಎಂಬ ಹೆಸರು ಕೊಡುತ್ತಾನೆ. 12, 18ಕ್ಕೆ ಅಪವರ್ತಕ 6, ಲಬ್ಧಗಳು 2 ಮತ್ತು 3. ಆರೆರಡು ಹನ್ನೆರಡು, ಹನ್ನೆರಡು ಮೂರಲೆ ಮೂವತ್ತಾರು. ನಮ್ಮ ಲ.ಸಾ.ಅ. ಅದೇ. ಎಲ್ಲ ಛೇದಗಳನ್ನು ತನ್ನೊಳಗೆ ಹಿಡಿದಿಟ್ಟದ್ದು ನಿರುದ್ಧ. 'ನಿರೋಧ'ದ ಬಂಧು ಈ ಮಾತು. ಮಹಾವೀರನ ನಾಡಿನ ಮಕ್ಕಳಿಗೆ ಇಂದು ನಿರುದ್ಧ ಎಂಬುದು ಗೊತ್ತೇ ಇಲ್ಲ. ಇದ್ದಿದ್ದರೆ 'ಅ' ಅಂದರೆ ಯಾವ 'ಅ' ಎಂಬ ಗೊಂದಲವೇ ಬರುತ್ತಿರಲಿಲ್ಲ. ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಂದಿಗೆ ಹೊರತಂದರು. ಪದ್ಮಾವತಮ್ಮನವರ ಕನ್ನಡ ಅನುವಾದ 2000ರಲ್ಲಿ ಹೊಂಬುಜದಿಂದ ಬಂತು.

ಮುಂದಿನ ಹೆಜ್ಜೆ 1150ರ 'ಲೀಲಾವತಿ'. ಭಾಸ್ಕರಾಚಾರ್ಯ ತನ್ನ ಊರು ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂದಿದ್ದಾನೆ. ವಿಜಯಪುರದವರು ಅವನನ್ನು ನಮ್ಮವನೆನ್ನುತ್ತಾರೆ. ಅವನ ವಂಶಾವಳಿಯನ್ನು ಹೇಳುವ ಶಾಸನ ಮಹಾರಾಷ್ಟ್ರದ ಚಾಳೀಸಗಾಂವ್ ಹತ್ತಿರದ ಪಾಟಣದಲ್ಲಿದೆ. ಲೀಲಾವತಿಯ ಕುಟ್ಟಕ ಪ್ರಕರಣದಲ್ಲಿ ಅವನು ಹೇಳುವ ಕ್ರಮ ಇದು: ಎರಡು ಸಂಖ್ಯೆಗಳನ್ನು ಒಂದರಿಂದ ಇನ್ನೊಂದನ್ನು ಭಾಗಿಸುತ್ತ ಹೋಗು, ಕೊನೆಗೆ ಉಳಿಯುವುದೇ ಅವುಗಳ ಅಪವರ್ತನ. ಆ ಅಪವರ್ತನದಿಂದ ಎರಡನ್ನೂ ಭಾಗಿಸಿದಾಗ ಬರುವ ಸಂಖ್ಯೆಗಳಿಗೆ 'ದೃಢ' ಎಂದು ಹೆಸರು. ಇನ್ನು ಕುಗ್ಗಿಸಲಾಗದಷ್ಟು ಗಟ್ಟಿಯಾದವು ಎಂದರ್ಥ. ಗ್ರೀಸಿನ ಯೂಕ್ಲಿಡ್ ತನ್ನ ಏಳನೇ ಪುಸ್ತಕದಲ್ಲಿ ಹೇಳಿದ ದಾರಿಯೂ ಇದೇ. ಆದರೆ ದೃಢ ಎಂಬ ಹೆಸರಿಗಿರುವ ಕಸು ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಅವ್ವ ಆ ಸಂಜೆ ಮಾಡಿ ತೋರಿಸಿದ್ದು ಇದನ್ನೇ. ಚೌಕಾಬಾರದ ಡಬ್ಬಿಯಿಂದ ಹುಣಸೆಬೀಜ ತೆಗೆದು ಒಂದು ಸಾಲಿನಲ್ಲಿ ಹದಿನೆಂಟು, ಇನ್ನೊಂದರಲ್ಲಿ ಹನ್ನೆರಡು ಇಟ್ಟಳು. "ದೊಡ್ಡ ಸಾಲಿನ್ಯಾಗಿಂದ ಸಣ್ಣ ಸಾಲಿನಷ್ಟು ಆಚೆ ಸರಸು" ಎಂದಳು. ಹನ್ನೆರಡು ಬೀಜ ಮೇಜಿನಂಚಿಗೆ ಹೋದವು, ಆರು ಉಳಿದವು. "ಈಗ ಹನ್ನೆರಡೇ ದೊಡ್ಡದಾತು. ಅದರಾಗಿಂದ ಆರು ಸರಸು." ಆರು, ಆರು. ಎರಡೂ ಸಾಲು ಸಮ. ಅವ್ವನ ಬೆರಳು ಬೀಜಗಳನ್ನು ಆಚೆ ನೂಕಿದ ಬಗೆಯೇ ಅಪವರ್ತನದ ಅರ್ಥ. ನಿಘಂಟು ತೆರೆದಿದ್ದರೂ ನನಗೆ ಅಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಕುಟ್ಟಕ ಎಂಬ ಮಾತಿನ ಬಗ್ಗೆಯೂ ಒಂದು ಮಾತು. ಆರ್ಯಭಟ 499ರಲ್ಲಿ ಕೊಟ್ಟ ವಿಧಾನಕ್ಕೆ ಮುಂದಿನವರು ಈ ಹೆಸರಿಟ್ಟರು. ದೊಡ್ಡ ಸಂಖ್ಯೆಗಳನ್ನು ಮತ್ತೆ ಮತ್ತೆ ಭಾಗಿಸಿ ಪುಡಿ ಮಾಡುವುದು. ಕನ್ನಡಿಗರಿಗೆ ಟೀಕೆಯೇ ಬೇಡ, ಅವಲಕ್ಕಿ ಕುಟ್ಟಿದವರಿಗೆಲ್ಲ ಇದು ಗೊತ್ತು. ಕುಟ್ಟು ಎಂಬುದು ದ್ರಾವಿಡದಿಂದಲೇ ಸಂಸ್ಕೃತಕ್ಕೆ ಹೋದದ್ದು ಎನ್ನುವ ಭಾಷಾವಿಜ್ಞಾನಿಗಳೂ ಇದ್ದಾರೆ.

ಕನ್ನಡದ್ದೇ ಆದ ಲೆಕ್ಕದ ಮಾತುಗಳು ಇರಲಿಲ್ಲವೆಂದಲ್ಲ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದ ಮೊದಲಿಗ. 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಅವನವು. ಇನ್ನೊಂದು ಕೃತಿಯ ಹೆಸರು 'ಚಿತ್ರಹಸುಗೆ'. ಹಸುಗೆ, ಅಂದರೆ ಹಳಗನ್ನಡದ ಪಸುಗೆ, ಪಾಲು ಹಂಚಿಕೆ. ಎಷ್ಟು ಚೆಂದದ ಮಾತು! ಶಾಲೆಯ ಪುಸ್ತಕ ಅದನ್ನು ಎತ್ತಿಕೊಳ್ಳಲಿಲ್ಲ. ಭಾಜಕ, ಅಪವರ್ತನ ಎಂಬ ಸಂಸ್ಕೃತದ ಸಾಲೇ ನಿಂತಿತು. ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು, ಹೆಸರನ್ನು ತಂದು ಅರ್ಥವನ್ನು ಬಾಗಿಲಲ್ಲೇ ಬಿಟ್ಟದ್ದಕ್ಕೆ.

ಈಗ ವಾಶಿಯ ರೈಲಿಗೆ ಬರುತ್ತೇನೆ. ಪದದ ಕತೆಗೂ ರೈಲಿಗೂ ಏನು ಸಂಬಂಧ ಎಂದು ಕೇಳಬೇಡಿ, ಸಂಬಂಧವಿದೆ.

ಹಾರ್ಬರ್ ಲೈನಿನಲ್ಲಿ ವಾಶಿಯಾದ ಮೇಲೆ ಸಾನ್ಪಾಡಾ, ಜೂಯಿನಗರ, ನೆರೂಲ್. ಠಾಣೆಯಿಂದ ಬರುವ ಟ್ರಾನ್ಸ್ ಹಾರ್ಬರ್ ಲೈನ್ ಕೋಪರ್‌ಖೈರ್ಣೆ ದಾಟಿ ತುರ್ಭೆಯ ನಂತರ ಎರಡಾಗುತ್ತದೆ. ಒಂದು ಕವಲು ಸಾನ್ಪಾಡಾಕ್ಕೆ ಬಂದು ವಾಶಿ ಸೇರುತ್ತದೆ, ಇನ್ನೊಂದು ಜೂಯಿನಗರಕ್ಕೆ ಹೋಗಿ ನೆರೂಲಿನ ಕಡೆ ತಿರುಗುತ್ತದೆ. ಹೀಗಾಗಿ ತುರ್ಭೆ, ಸಾನ್ಪಾಡಾ, ಜೂಯಿನಗರ ಮೂರೂ ಸೇರಿ ಹಳಿಗಳ ಒಂದು ತ್ರಿಕೋನ. ಅದರ ಮೂರು ಮೂಲೆಗಳಿಂದ ಒಂದೊಂದು ಬಾಲ: ಸಾನ್ಪಾಡಾಕ್ಕೆ ವಾಶಿ, ಜೂಯಿನಗರಕ್ಕೆ ನೆರೂಲ್, ತುರ್ಭೆಗೆ ಕೋಪರ್‌ಖೈರ್ಣೆ. ದಿನಾ ಓಡಾಡುವವರಿಗೆ ಇದು ಅಂಗೈ ರೇಖೆ. ಗಣಿತದವರಿಗೆ ಇದು ಗ್ರಾಫ್. ಕನ್ನಡದಲ್ಲಿ ಜಾಲಾಕೃತಿ ಎನ್ನುವುದು ನನಗೆ ಇಷ್ಟ.

ಜಾಲಾಕೃತಿಯ ಬಿಂದುಗಳಿಗೆ ನಿಯಮವಿಟ್ಟು ಸಂಖ್ಯೆ ಹಂಚುವುದಕ್ಕೆ ಗ್ರಾಫ್ ಲೇಬಲಿಂಗ್ ಎನ್ನುತ್ತಾರೆ. 1967ರಲ್ಲಿ ಅಲೆಕ್ಸಾಂಡರ್ ರೋಸಾ ಬರೆದ ಪ್ರಬಂಧದಿಂದ ಈ ವಿದ್ಯೆ ಬೆಳೆಯಿತು. ನಮ್ಮವರ ಪಾಲೂ ಇದರಲ್ಲಿದೆ: ಬಿ.ಡಿ. ಆಚಾರ್ಯ ಮತ್ತು ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಪ್ರಾಧ್ಯಾಪಕರಾಗಿದ್ದ ಎಸ್.ಎಂ. ಹೆಗಡೆ 1990ರಲ್ಲಿ 'ಅಂಕಗಣಿತೀಯ ಜಾಲಾಕೃತಿ'ಗಳ ಮೇಲೆ ಬರೆದ ಪ್ರಬಂಧವನ್ನು ಈ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ಸಾಮಾನ್ಯ ಅಪವರ್ತನಕ್ಕೆ ಸಂಬಂಧಿಸಿದ ಬಗೆ ರೋಜರ್ ಎಂಟ್ರಿಂಗರ್ ಅವರಿಂದ ಬಂದದ್ದು. ಬಿಂದುಗಳಿಗೆ 1ರಿಂದ ಆರಂಭಿಸಿ ಒಂದೊಂದೇ ಸಂಖ್ಯೆ ಕೊಡಬೇಕು. ಗೆರೆಯಿಂದ ಕೂಡಿದ ಎರಡು ಬಿಂದುಗಳ ಸಂಖ್ಯೆಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು. ಭಾಸ್ಕರನ ಮಾತಿನಲ್ಲಿ ಹೇಳಿದರೆ, ನೆರೆಹೊರೆಯವರೆಲ್ಲ ಪರಸ್ಪರ ದೃಢರಾಗಿರಬೇಕು.

ನಮ್ಮ ಹುಡುಗಿಗೆ ಆರು ಸ್ಟೇಷನ್ ಬರೆದುಕೊಟ್ಟು 1ರಿಂದ 6 ಹಂಚು ಎಂದೆ. ಅವಳು ಮೊದಲು 6ನ್ನು ಸಾನ್ಪಾಡಾಕ್ಕೆ ಕೊಟ್ಟಳು, ಅಲ್ಲಿ ಗಾಡಿ ಬದಲಿಸುತ್ತೇವಲ್ಲ ಎಂದು. ಕೂಡಲಿಲ್ಲ. ಜೂಯಿನಗರಕ್ಕೆ ಒಯ್ದಳು, ಕೂಡಲಿಲ್ಲ. ತುರ್ಭೆಯಲ್ಲೂ ರಬ್ಬರ್ ಆಡಿಸಿ ಕಾಗದ ತೆಳ್ಳಗಾಯಿತು. ಕಡೆಗೆ ತಾನೇ ಹೇಳಿದಳು: "ಮಾಮಾ, ಆರಕ್ಕ ಇಬ್ಬರೇ ಗೆಳತ್ಯಾರು. ಒಂದು, ಐದು. ಈ ಮೂರು ಸ್ಟೇಷನ್‌ಗೆ ಮೂರು ಮೂರು ಮಂದಿ ನೆರಿಯವ್ರು."

ಸಿದ್ಧಾಂತವೆಂದರೆ ಅಷ್ಟೇ. 2, 3, 4 ಮೂರಕ್ಕೂ 6ರ ಜೊತೆ ಹಂಚಿಕೊಂಡ ಅಪವರ್ತನವಿದೆ. ಆದ್ದರಿಂದ 6 ತ್ರಿಕೋನದ ಒಳಗೆ ಕೂರಲಾರದು. ವಾಶಿ, ನೆರೂಲ್, ಕೋಪರ್‌ಖೈರ್ಣೆ ಮೂರರಲ್ಲೊಂದಕ್ಕೆ ಹೋಗಲೇಬೇಕು. ಅವಳ ಉತ್ತರ: ಸಾನ್ಪಾಡಾ 1, ಜೂಯಿನಗರ 3, ತುರ್ಭೆ 5, ವಾಶಿ 6, ನೆರೂಲ್ 2, ಕೋಪರ್‌ಖೈರ್ಣೆ 4. ನಮ್ಮ ವಾಶಿಗೆ 6 ಬಂದದ್ದಕ್ಕೆ ಮನೆಯಲ್ಲಿ ಎಲ್ಲರಿಗೂ ಖುಷಿ.

ಇನ್ನು ಪದದ ಮಾತು. ಜಾಲಾಕೃತಿಯ ಬಿಂದುವಿಗೆ ಇಂಗ್ಲಿಷಿನಲ್ಲಿ ವರ್ಟೆಕ್ಸ್ ಎನ್ನುತ್ತಾರೆ. ಅದು ಲ್ಯಾಟಿನ್ ಮಾತು, ತಿರುಗು ಎಂಬ ಅರ್ಥದ 'ವರ್ತೆರೆ' ಕ್ರಿಯಾಪದದಿಂದ ಬಂದದ್ದು. ನಮ್ಮ ವೃತ್, ಅವರ ವರ್ತೆರೆ ಎರಡೂ ಒಂದೇ ಹಳೆಯ ಇಂಡೋ-ಯುರೋಪಿಯನ್ ಬೇರಿನವು. ಲ್ಯಾಟಿನ್ನಿನಲ್ಲಿ ವರ್ಟೆಕ್ಸ್ ಎಂದರೆ ಮೊದಲು ನೀರಿನ ಸುಳಿ, ಆಮೇಲೆ ಕೂದಲು ಸುತ್ತಿಕೊಳ್ಳುವ ನೆತ್ತಿ, ಅಲ್ಲಿಂದ ತುತ್ತತುದಿ, ಅಲ್ಲಿಂದ ಆಕೃತಿಯ ಮೂಲೆ. ಕನ್ನಡದ ಸುಳಿಯನ್ನು ನೆನೆಯಿರಿ. ಹೊಳೆಯಲ್ಲಿ ಸುಳಿ, ಮಗುವಿನ ನೆತ್ತಿಯಲ್ಲಿ ಸುಳಿ, ಸಂತೆಯಲ್ಲಿ ಎತ್ತು ಕೊಳ್ಳುವಾಗ ರೈತ ಬೆರಳಾಡಿಸಿ ನೋಡುವ ಸುಳಿ. ಸಂಸ್ಕೃತದ 'ಆವರ್ತ'ಕ್ಕೂ ಈ ಅರ್ಥಗಳಿವೆ. ಅಂದಮೇಲೆ ಈ ಒಗಟಿನಲ್ಲಿ ಬಿಂದುವಿನ ಹೆಸರು, ಅಪವರ್ತನದ ಹೆಸರು ಎರಡೂ ಒಂದೇ ಬಳಗ. ಒಂದು ರೋಮಿನ ದಾರಿ ಹಿಡಿದು, ಇನ್ನೊಂದು ಮಳಖೇಡದ ದಾರಿ ಹಿಡಿದು ಬಂದು ಒಂದೇ ಕಾಗದದ ಮೇಲೆ ಕೂತಿವೆ. ಇದನ್ನು ಕಂಡ ದಿನ ನನಗೆ ನಿದ್ದೆ ಬರಲಿಲ್ಲ.

ಎಂಟ್ರಿಂಗರ್ 1980ರ ಸುಮಾರಿಗೆ ಒಂದು ಊಹೆ ಮುಂದಿಟ್ಟರು: ಸುತ್ತುಗಳೇ ಇಲ್ಲದ, ಮರದಂತೆ ಕವಲೊಡೆಯುವ ಯಾವ ಜಾಲಾಕೃತಿಗೂ ಹೀಗೆ ಸಂಖ್ಯೆ ಹಂಚಬಹುದು ಎಂದು. 2011ರಲ್ಲಿ ಹ್ಯಾಕ್ಸೆಲ್, ಪಿಖುರ್ಕೊ, ತಾರಾಜ್ ಎಂಬ ಮೂವರು ಸಾಕಷ್ಟು ದೊಡ್ಡದಾದ ಮರಗಳಿಗೆಲ್ಲ ಅದು ನಿಜ ಎಂದು ಸಾಧಿಸಿದರು. ಈ ಹಂಚಿಕೆಗೆ ಇಂಗ್ಲಿಷಿನಲ್ಲಿ ಇರುವ ಹೆಸರು ಪ್ರೈಮ್ ಲೇಬಲಿಂಗ್. ಹೆಸರು ದಾರಿ ತಪ್ಪಿಸುತ್ತದೆ, ಇಲ್ಲಿ ಯಾವ ಸಂಖ್ಯೆಯೂ ಅವಿಭಾಜ್ಯವಾಗಿರಬೇಕಿಲ್ಲ. ಕನ್ನಡದ ಶಾಲೆಯಲ್ಲೂ ಅದೇ ತಪ್ಪು ನಡೆದಿದೆ. 8 ಮತ್ತು 9ರಂಥ ಜೋಡಿಗೆ ನಾವು 'ಸಹ ಅವಿಭಾಜ್ಯ' ಎನ್ನುತ್ತೇವೆ. 8 ಅವಿಭಾಜ್ಯವಲ್ಲ, 9 ಅವಿಭಾಜ್ಯವಲ್ಲ. ಆದರೂ ಜೋಡಿಗೆ ಆ ಹೆಸರು. ಪ್ರತಿ ವರ್ಷ ಪ್ರತಿ ತರಗತಿಯಲ್ಲೂ ಯಾವುದಾದರೊಂದು ಮಗು ಇಲ್ಲಿ ಎಡವುತ್ತದೆ ಎಂದಳು ಅವ್ವ. 'ದೃಢ ಜೋಡಿ' ಎಂದರೆ ಎಡವಲು ಏನಿದೆ?

ಎರಡನೆಯ ಒಗಟನ್ನು ತಿರುಗಿಸಿ ಕಟ್ಟಿದೆ. ಈಗ ಸಂಖ್ಯೆ ಸ್ಟೇಷನ್ನಿಗಲ್ಲ, ಹಳಿಗೆ. ಪ್ರತಿ ಹಳಿಯ ಮೇಲೆ ಅದರ ಎರಡೂ ತುದಿಗಳ ಮ.ಸಾ.ಅ. ಬರೆದಿದೆ, ಸ್ಟೇಷನ್ನಿನ ಸಂಖ್ಯೆ ಹುಡುಕಬೇಕು. ಸಾನ್ಪಾಡಾ-ಜೂಯಿನಗರ 2, ಸಾನ್ಪಾಡಾ-ತುರ್ಭೆ 3, ಜೂಯಿನಗರ-ತುರ್ಭೆ 5. ಸಾನ್ಪಾಡಾ ಎರಡಕ್ಕೂ ಮೂರಕ್ಕೂ ನಿಲುಕಬೇಕು, ಅಂದರೆ ಕಡೇಪಕ್ಷ 6. ಹಾಗೆಯೇ ಜೂಯಿನಗರ 10, ತುರ್ಭೆ 15. ತಾಳೆ ನೋಡಿದರೆ ಮೂರೂ ಸರಿ. ಅದೇ 6, 10, 15ನ್ನು ಹಳಿಗಳ ಮೇಲೆ ಬರೆದರೆ ಮಾತ್ರ ಉತ್ತರವೇ ಇಲ್ಲ. ಸಾನ್ಪಾಡಾದಿಂದ ಹೊರಟ ಹಳಿಗಳಲ್ಲಿ 6, 10 ಇದ್ದರೆ ಆಚೆ ತುದಿಯ ಎರಡೂ ಸ್ಟೇಷನ್ ಸಮಸಂಖ್ಯೆ; ಎರಡು ಸಮಸಂಖ್ಯೆಗಳ ಮ.ಸಾ.ಅ. 15 ಆಗುವುದೆಲ್ಲಿ? ಈ ಆಟದಲ್ಲಿ ಹಳಿಯ ಮೇಲೆ ಇರುವುದು ಭಾಸ್ಕರನ ಅಪವರ್ತನ, ಸ್ಟೇಷನ್ನಿನಲ್ಲಿ ಕೂರುವುದು ಮಹಾವೀರನ ನಿರುದ್ಧ. ಹ್ರಸ್ವಾಕ್ಷರದಲ್ಲಿ ಒಂದನ್ನೊಂದು ಹೋಲುತ್ತಿದ್ದ ಎರಡು ಮಾತುಗಳಿಗೆ ಇಲ್ಲಿ ಬೇರೆ ಬೇರೆ ಜಾಗ ಸಿಕ್ಕಿತು. ಹುಡುಗಿ ಅಂದಿನಿಂದ ಅವೆರಡನ್ನು ಅದಲಬದಲ ಮಾಡಿಲ್ಲ.

ಸಂಖ್ಯೆಯ ಆಟಕ್ಕೆ ಈ ನೆಲ ಹೊಸದಲ್ಲ. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿದ ಡಿ.ಆರ್. ಕಾಪ್ರೇಕರ್ ಹೈಸ್ಕೂಲು ಓದಿದ್ದು ಠಾಣೆಯಲ್ಲಿ. ದೇವಳಾಲಿಯ ಶಾಲಾಮಾಸ್ತರರಾಗಿ ಅವರು ಕಂಡುಕೊಂಡ 6174 ಇಂದು ಲೋಕಪ್ರಸಿದ್ಧ. ಎಲ್ಲವೂ ಒಂದೇ ಅಲ್ಲದ ನಾಲ್ಕು ಅಂಕಿಗಳನ್ನು ಇಳಿಕೆ, ಏರಿಕೆ ಕ್ರಮದಲ್ಲಿ ಬರೆದು ಕಳೆಯುತ್ತ ಹೋದರೆ ಕೊನೆಗೆ ಅದೇ ಬರುತ್ತದೆ. ಆ ದಾರಿಯಲ್ಲಿ ಬರುವ ಪ್ರತಿ ವ್ಯತ್ಯಾಸಕ್ಕೂ 9 ಅಪವರ್ತನ. 6174 ಎಂದರೆ ಒಂಬತ್ತು ಸಲ 686. ವಾಶಿಯಿಂದ ಖಾಡಿ ದಾಟಿದರೆ ಮಾನಖುರ್ದ್. ಅಲ್ಲಿನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ದೇಶದ ಗಣಿತ ಒಲಿಂಪಿಯಾಡಿನ ಕೆಲಸ ನೋಡುತ್ತದೆ. ಇಂಥ ಒಗಟುಗಳ ಮಕ್ಕಳು ಒಂದೇ ಸ್ಟೇಷನ್ ದೂರದಲ್ಲಿ ಓಡಾಡುತ್ತಾರೆ.

ಕನ್ನಡ ಕಲಿಸುವ ಮೇಷ್ಟ್ರುಗಳಲ್ಲಿ, ಮುಂಬಯಿಯಲ್ಲಿರಲಿ, ಅಕ್ಕಲಕೋಟೆಯಲ್ಲಿರಲಿ, ಕಲಬುರಗಿಯಲ್ಲಿರಲಿ, ನನ್ನದೊಂದು ವಿನಂತಿ. ಮ.ಸಾ.ಅ. ಎಂದು ಕರಿಹಲಗೆಯ ಮೇಲೆ ಬರೆಯುವ ಮೊದಲು ಒಮ್ಮೆ ಅಪವರ್ತನ ಎಂದು ಪೂರ್ತಿ ಬರೆಯಿರಿ, ಒಂದು ಹಿಡಿ ಬೀಜ ಆಚೆ ಸರಿಸಿ ತೋರಿಸಿ. 8, 9ರ ಜೋಡಿ ಬಂದಾಗ ದೃಢ ಎನ್ನಿ.

ಓದುಗರಿಗೊಂದು ಕೆಲಸ ಉಳಿದಿದೆ. ನಮ್ಮ ನಕಾಶೆಗೆ ವಾಶಿಯ ಆಚೆ ಮಾನಖುರ್ದ್ ಸೇರಿಸಿ, 1ರಿಂದ 7ರವರೆಗೆ ಹಂಚಿ ನೋಡಿ. ಆರಕ್ಕೆ ಏಳು ಮೂರನೆಯ ಗೆಳತಿಯಾಗುತ್ತದೆ. ಈಗ 6 ಸಾನ್ಪಾಡಾದಲ್ಲಿ ಕೂರುತ್ತದೆ.